ಲೈಪ್ಸಿಗ್‌ನಲ್ಲಿ 16 ಮೀಟರ್ ಗೋಡೆ, ಇಬ್ಬರು ಉಕ್ರೇನ್ ಕಲಾವಿದರು, 5 ವಾರ: ಮುಂಚೆಯೇ ಏನೇನು ಮಾಡಿಡಬೇಕು?

ಎಲ್ಸ್ಟರ್_ದಡ

ಎಲ್ಲರಿಗೂ ನಮಸ್ಕಾರ. ಲೈಪ್ಸಿಗ್‌ನ ಒಂದು ಸಣ್ಣ ನೋಂದಾಯಿತ ಸಂಘ ಬರುವ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮ್ಯೂರಲ್ ರೆಸಿಡೆನ್ಸಿ (ಕಲಾವಿದರು ಬಂದು ಉಳಿದು ದೊಡ್ಡ ಗೋಡೆಚಿತ್ರ ಬಿಡಿಸುವ ಕಾರ್ಯಕ್ರಮ) ನಡೆಸುತ್ತಿದೆ. ಲೈಪ್ಸಿಗ್ ಮತ್ತು ಕೀವ್ 1961ರಿಂದ ಸೋದರಿ ನಗರಗಳು, ಹಾಗಾಗಿ ಈ ಸಲ ಇಬ್ಬರು ಉಕ್ರೇನ್ ಕಲಾವಿದರನ್ನು ಕರೆಯುವುದೆಂದು ತೀರ್ಮಾನವಾಗಿದೆ. ಒಬ್ಬರು ಖಾರ್ಕಿವ್‌ನಲ್ಲೇ ಇರುವ ಕಲಾವಿದೆ. ಇನ್ನೊಬ್ಬರು 2022ರಿಂದ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ತಾತ್ಕಾಲಿಕ ರಕ್ಷಣೆಯಡಿ (ಯುದ್ಧದಿಂದ ಬಂದ ಉಕ್ರೇನಿಗರಿಗೆ ಯುರೋಪಿಯನ್ ಒಕ್ಕೂಟದ ದೇಶಗಳು ಕೊಡುವ ಆಶ್ರಯ) ಇರುವವರು.

ಗೋಡೆಯ ವಿವರ: ಐದು ಅಂತಸ್ತಿನ ವಸತಿ ಕಟ್ಟಡದ ಪಕ್ಕದ ಗೋಡೆ, ಕಿಟಕಿ ಇಲ್ಲ, 16 ಮೀ ಎತ್ತರ, 11 ಮೀ ಅಗಲ, ಮುಖ ವಾಯವ್ಯಕ್ಕೆ. ಸುಮಾರು 12 ವರ್ಷದ ಹಿಂದೆ ಶಾಖ ತಡೆಯುವ ಹೊದಿಕೆ ಹಾಕಿ, ಮೇಲೆ 2 ಮಿ.ಮೀ. ಕಾಳಿನ ಗಿಲಾವು ಮಾಡಿದ್ದಾರೆ. ಕೆಳಗೆ ಹುಲ್ಲುಹಾಸು, ಅದರಾಚೆ ರಸ್ತೆ ಬದಿಯ ಪಾರ್ಕಿಂಗ್.

ಕೇಳಬೇಕಾಗಿರುವುದು:
1. ಬಣ್ಣ ಯಾವುದು, ಎಷ್ಟು?
2. ಸಾರುವೆ ಕಟ್ಟಿಸಬೇಕೋ, ಬೂಮ್ ಲಿಫ್ಟ್ (ಚಾಚುವ ತೋಳಿನ ತುದಿಯ ಬುಟ್ಟಿಯಲ್ಲಿ ನಿಂತು ಕೆಲಸ ಮಾಡುವ ಯಂತ್ರ) ತರಿಸಬೇಕೋ?
3. ವೀಸಾ, ಸಂಭಾವನೆ, ತೆರಿಗೆ ಹೇಗೆ?
4. 5 ವಾರ ಸಾಕಾ?

ಇಂಥ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಸುಣ್ಣಬಣ್ಣ

ಗೋಡೆ ಮತ್ತು ಬಣ್ಣದ ಬಗ್ಗೆ ಮಾತ್ರ ಹೇಳುತ್ತೇನೆ.

ಶಾಖ ತಡೆಯುವ ಹೊದಿಕೆ ಇದೆ ಅಂದಿರಲ್ಲ, ಈ ಗೋಡೆಯ ಮುಖ್ಯ ಮಿತಿ ಅದೇ. ಕಲಾವಿದರು ಸ್ಕೆಚ್‌ಗೆ ಕೈ ಹಾಕುವ ಮೊದಲೇ ಅವರಿಗೆ ಇದು ತಿಳಿದಿರಬೇಕು. ಒಳಗೆ ಥರ್ಮಾಕೋಲ್ ಹಲಗೆ, ಅದರ ಮೇಲೆ ಜಾಲರಿ, ಅದರ ಮೇಲೆ ಕೆಲವೇ ಮಿಲಿಮೀಟರ್ ಗಿಲಾವು. ಬಿಸಿಲಿನ ಶಾಖ ಒಳಗೆ ಇಳಿಯಲು ದಾರಿ ಇಲ್ಲ, ಎಲ್ಲವೂ ಆ ತೆಳು ಪದರದಲ್ಲೇ ನಿಲ್ಲುತ್ತದೆ. ಗಾಢ ಬಣ್ಣ ಬಳಿದರೆ ಸಂಜೆ ಬಿಸಿಲಿಗೆ ಕಾದು ಹಿಗ್ಗಿ, ರಾತ್ರಿ ತಣ್ಣಗಾಗಿ ಕುಗ್ಗಿ, ಒಂದೆರಡು ವರ್ಷದಲ್ಲಿ ಜಾಲರಿಯ ಗುಂಟ ಬಿರುಕು ಬಿಡುತ್ತದೆ. ಅದಕ್ಕೇ ಜರ್ಮನಿಯಲ್ಲಿ ಬೆಳಕು ಪ್ರತಿಫಲಿಸುವ ಅಂಕ 20ಕ್ಕಿಂತ ಕಡಿಮೆ ಇರುವ ಬಣ್ಣವನ್ನು ಇಂಥ ಗೋಡೆಗೆ ಬಳಿಯುವುದಿಲ್ಲ. ಅಪ್ಪಟ ಕಪ್ಪಿನ ಅಂಕ 0, ಬಿಳಿಯದು 100. ಬಣ್ಣದ ಕಂಪನಿಯ ಶೇಡ್ ಕಾರ್ಡ್‌ನಲ್ಲಿ ಪ್ರತಿ ಬಣ್ಣದ ಹಿಂದೆ ಈ ಅಂಕ ಮುದ್ರಿಸಿರುತ್ತಾರೆ. ಗಾಢ ನೀಲಿ ಆಕಾಶವೋ ಕಪ್ಪು ಹಿನ್ನೆಲೆಯೋ ಬೇಕೇ ಬೇಕು ಅಂದರೆ, ಸೂರ್ಯನ ಶಾಖವನ್ನು ಹಿಂದಕ್ಕೆ ಎಸೆಯುವ ವಿಶೇಷ ವರ್ಣಕದ ಬಣ್ಣ ಸಿಗುತ್ತದೆ. ಹೊದಿಕೆ ತಯಾರಿಸಿದ ಕಂಪನಿ ಅದನ್ನು ಒಪ್ಪುತ್ತದೆಯೇ ಎಂದು ಕಟ್ಟಡದ ಮಾಲೀಕರ ಮೂಲಕ ಬರಹದಲ್ಲಿ ಕೇಳಿ. ತೆಳು ಗೆರೆಗಳಿಗೆ, ಅಂಗೈಯಗಲದ ಕಪ್ಪು ಭಾಗಗಳಿಗೆ ತೊಂದರೆ ಇಲ್ಲ. ತೊಂದರೆ ಬರುವುದು ಹರಡಿಕೊಂಡ ಗಾಢ ಭಾಗಕ್ಕೆ, ಅದರಲ್ಲೂ ತಿಳಿ ಮತ್ತು ಗಾಢ ಸೇರುವ ಅಂಚಿನಲ್ಲಿ.

ಗೋಡೆಯ ಪರೀಕ್ಷೆ ಜೂನ್ ಒಳಗೆ ಮುಗಿಸಿ:

- ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಶಾಖ ಹೊದಿಕೆಯ ಗೋಡೆ ಎಲ್ಲೆಡೆ ಸ್ವಲ್ಪ ಡೊಳ್ಳು ಸದ್ದು ಮಾಡುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ಕಡೆ ಮಾತ್ರ ಸದ್ದು ಬೇರೆಯಾಗಿ, ಒತ್ತಿದಾಗ ಗಿಲಾವು ಅಲುಗಿದರೆ ಆ ಭಾಗ ಕಿತ್ತು ಮತ್ತೆ ಮಾಡಿಸಬೇಕು.
- ಕಪ್ಪು ಬಟ್ಟೆಯಿಂದ ಉಜ್ಜಿ. ಬಿಳಿ ಪುಡಿ ಬಂದರೆ ಹಳೆಯ ಬಣ್ಣ ಸುಣ್ಣದಂತೆ ಉದುರುತ್ತಿದೆ. ಒಳಗಿಳಿಯುವ ಪ್ರೈಮರ್ ಹಾಕದೆ ಬಳಿದರೆ ಹೊಸ ಬಣ್ಣ ಆ ಪುಡಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ.
- ಬ್ಲೇಡಿನಿಂದ ಒಂದನ್ನೊಂದು ಅಡ್ಡಹಾಯುವಂತೆ ಎರಡು ಗೆರೆ ಕೊಯ್ದು, ಗಟ್ಟಿ ಟೇಪ್ ಅಂಟಿಸಿ ಒಮ್ಮೆಗೆ ಕಿತ್ತು ನೋಡಿ. ಟೇಪಿಗೆ ಬಣ್ಣದ ಚೂರು ಬಂದರೆ ಅಲ್ಲಿ ಕೆರೆದು ತೆಗೆಯಬೇಕು.
- ವಾಯವ್ಯ ಮುಖ ಅಂದರೆ ಪಾಚಿ ಇರುವ ಸಂಭವ ಹೆಚ್ಚು. ಹಸಿರು, ಬೂದುಗಪ್ಪು ಪಟ್ಟೆ ಕಂಡರೆ ಪಾಚಿನಾಶಕ ಹಾಕಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ. ಹೆಚ್ಚು ಒತ್ತಡದ ಯಂತ್ರ ಈ ಗೋಡೆಗೆ ಬೇಡ. ಸಣ್ಣ ಬಿರುಕಿನಿಂದ ನೀರು ಹೊದಿಕೆಯ ಹಿಂದಕ್ಕೆ ಹೋಗಿ ನಿಲ್ಲುತ್ತದೆ.

ತಳದ ಬಣ್ಣಕ್ಕೆ ಸಿಲಿಕೋನ್ ರೆಸಿನ್ ಫಸಾಡ್ ಪೇಂಟ್ ತೆಗೆದುಕೊಳ್ಳಿ. ಅಪ್ಪಟ ಸಿಲಿಕೇಟ್ ಬಣ್ಣ ಬಹಳ ಬಾಳುತ್ತದೆ ನಿಜ, ಆದರೆ ಅದು ಸುಣ್ಣ-ಸಿಮೆಂಟಿನ ಗಿಲಾವಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ. ನಿಮ್ಮ ಗಿಲಾವು ರೆಸಿನ್ ಆಧಾರಿತವಾಗಿದ್ದರೆ ಅದಕ್ಕೆ ಹಿಡಿತ ಸಿಗುವುದಿಲ್ಲ.

ಲೆಕ್ಕ ಹೀಗೆ: 16 × 11 = 176 ಚ.ಮೀ. ನಯವಾದ ಗೋಡೆಗೆ ಒಂದು ಕೋಟ್ ಬಣ್ಣಕ್ಕೆ ಚದರ ಮೀಟರಿಗೆ 0.15 ಲೀಟರ್ ಸಾಕು, 2 ಮಿ.ಮೀ. ಕಾಳಿನ ಗಿಲಾವಿಗೆ 0.2 ಲೀಟರ್ ಹಿಡಿಯಿರಿ. ಎರಡು ಕೋಟ್‌ಗೆ 70 ಲೀಟರ್, ಅಂದರೆ 12.5 ಲೀಟರಿನ 6 ಬಕೆಟ್. ಚಿತ್ರ ಬ್ರಷ್ ಮತ್ತು ರೋಲರ್‌ನಲ್ಲಿ ಆಗುವುದಾದರೆ ಅದಕ್ಕೆ ಇನ್ನೂ 40ರಿಂದ 50 ಲೀಟರ್: ಬಿಳಿ 12.5, ದೊಡ್ಡ ಭಾಗಗಳ ನಾಲ್ಕೈದು ಬಣ್ಣ ತಲಾ 5 ಲೀ, ಉಳಿದವು ತಲಾ 1 ಲೀ. ಪೂರ್ತಿ ಸ್ಪ್ರೇ ಆದರೆ 400 ಮಿ.ಲೀ. ಕ್ಯಾನ್ ಒರಟು ಗೋಡೆಯಲ್ಲಿ ಒಂದೂವರೆ ಚದರ ಮೀಟರ್ ಮುಚ್ಚುತ್ತದೆ. ನೆರಳು-ಬೆಳಕಿನ ಪದರ ಸೇರಿ 150ರಿಂದ 200 ಕ್ಯಾನ್ ಬೇಕು. ಪಟ್ಟಿಯನ್ನು ಕಲಾವಿದರಿಂದಲೇ, ಬ್ರ್ಯಾಂಡ್ ಮತ್ತು ಬಣ್ಣದ ಸಂಖ್ಯೆ ಸಮೇತ, 6 ವಾರ ಮುಂಚೆ ತರಿಸಿಕೊಳ್ಳಿ. "ನೀಲಿ, ಹಳದಿ, ಬಿಳಿ" ಎಂಬ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಆಗುವ ನಷ್ಟ ನಿಮ್ಮದೇ.

ಬಣ್ಣ ಮಿಶ್ರಣ ಮಾಡಿಸುವಾಗ ಜರ್ಮನ್ ಅಂಗಡಿಯಲ್ಲಿ ಬಾಳಿಕೆಯ ವರ್ಗ ಕೇಳಿ. ಅಂಟು ಎ, ಬಿ, ಸಿ ಎಂದೂ ವರ್ಣಕ 1, 2, 3 ಎಂದೂ ವಿಂಗಡಿಸುತ್ತಾರೆ. ಎ1 ಅತ್ಯುತ್ತಮ. ಕಾವಿ, ಗೋಪಿ, ಕಂದು, ಆಕ್ಸೈಡ್ ಹಸಿರು ಎಲ್ಲ ಗಟ್ಟಿ. ಉಜ್ವಲ ಕೆಂಪು, ನಿಂಬೆ ಹಳದಿ, ನೇರಳೆ ಬೇಗ ಮಾಸುವ ಗುಂಪು. ಉಕ್ರೇನಿನ ಧ್ವಜದ ಹಳದಿಯನ್ನು ಅಗ್ಗದ ವರ್ಣಕದಲ್ಲಿ ಮಾಡಿಸಿದರೆ ಕೆಲವೇ ವರ್ಷದಲ್ಲಿ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ನಿಮ್ಮದು ವಾಯವ್ಯ ಮುಖವಾದ್ದರಿಂದ ಮಾಸುವುದು ನಿಧಾನ, ಅದೊಂದು ಅನುಕೂಲ.

ಸೆಪ್ಟೆಂಬರ್‌ನ ತೊಂದರೆ ಇಬ್ಬನಿ. ಗಾಳಿಯಲ್ಲೂ ಗೋಡೆಯಲ್ಲೂ 5 ಡಿಗ್ರಿಗಿಂತ ಹೆಚ್ಚು ಇದ್ದರೆ ಬಳಿಯಬಹುದು ಎಂದು ಡಬ್ಬಿ ಹೇಳುತ್ತದೆ, ಆದರೆ ಈ ಮುಖದ ಗೋಡೆ ಬೆಳಿಗ್ಗೆ 10ರವರೆಗೂ ಒದ್ದೆಯಾಗಿಯೇ ಇರಬಹುದು. ಕೈಯಿಟ್ಟು ನೋಡಿದ ಮೇಲೆಯೇ ಶುರು ಮಾಡಿ. ಸಂಜೆ 5ರ ಮೇಲೆ ದೊಡ್ಡ ಭಾಗ ಬಳಿಯಬೇಡಿ. ಒಣಗುವ ಮುಂಚೆ ಇಬ್ಬನಿ ಕೂತರೆ ಬಣ್ಣದೊಳಗಿನ ಸಾಬೂನಿನಂಥ ಅಂಶ ಕರಗಿ, ಬಸವನಹುಳು ಹರಿದಂತೆ ಹೊಳೆಯುವ ಗೆರೆಗಳು ಇಳಿಯುತ್ತವೆ. ಮಳೆಗೆ ಎಷ್ಟೋ ಸಲ ತಾನಾಗಿ ಹೋಗುತ್ತದೆ, ಗಾಢ ಬಣ್ಣದ ಮೇಲೆ ಹೋಗುವುದಿಲ್ಲ.

---

ಕಾಗದಪತ್ರ_ಬರ್ಲಿನ್

ನಿಮ್ಮ 5 ವಾರವನ್ನು 4 ವಾರ ಮಾಡಿ, ಅದರಲ್ಲೂ 28 ದಿನ ಮೀರದಂತೆ ನೋಡಿಕೊಳ್ಳಿ. ಕಾರಣ ವ್ರೊತ್ಸ್ವಾಫ್‌ನ ಕಲಾವಿದರು. ಪೋಲೆಂಡಿನಲ್ಲಿ ಉಕ್ರೇನಿಗರಿಗೆ ಕೊಡುವ ರಕ್ಷಣೆಯ ಸ್ಥಾನ 30 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ರದ್ದಾಗುವ ನಿಯಮವನ್ನು 2022ರ ಕಾನೂನೇ ತಂದಿತು. 35 ದಿನದ ರೆಸಿಡೆನ್ಸಿ ಅವರ ಮನೆ, ಭತ್ಯೆ, ಮಕ್ಕಳ ಶಾಲೆ ಎಲ್ಲವನ್ನೂ ಅಲುಗಾಡಿಸಬಲ್ಲದು. 28 ದಿನ ಇಟ್ಟುಕೊಂಡರೆ ರೈಲು ತಪ್ಪಿದರೂ ಜ್ವರ ಬಂದರೂ ಎರಡು ದಿನ ಕೈಯಲ್ಲಿರುತ್ತದೆ. ಹೊರಟ ದಿನ, ಮರಳಿದ ದಿನದ ಟಿಕೆಟ್ ಇಟ್ಟುಕೊಳ್ಳಲು ಹೇಳಿ. ಪೋಲೆಂಡ್-ಜರ್ಮನಿ ನಡುವೆ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲವಾದ್ದರಿಂದ ಬೇರೆ ಪುರಾವೆ ಇರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದ ತಾತ್ಕಾಲಿಕ ರಕ್ಷಣೆ ಈಗ 2027ರ ಮಾರ್ಚ್ 4ರವರೆಗೆ ವಿಸ್ತರಣೆಯಾಗಿದೆ. ಆದರೆ ಒಂದು ದೇಶ ಕೊಟ್ಟ ರಕ್ಷಣೆ ಇನ್ನೊಂದು ದೇಶದಲ್ಲಿ ದುಡಿಯುವ ಹಕ್ಕು ಕೊಡುವುದಿಲ್ಲ. ಪೋಲೆಂಡಿನ ಸ್ಥಾನದ ಮೇಲೆ ಜರ್ಮನಿಗೆ ಬರಬಹುದು, ಇರಬಹುದು. ಸಂಭಾವನೆ ಪಡೆದು ಕೆಲಸ ಮಾಡುವುದು ಬೇರೆ ಪ್ರಶ್ನೆ. ಖಾರ್ಕಿವ್‌ನ ಕಲಾವಿದೆಯದೂ ಅದೇ ಸ್ಥಿತಿ. ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇರುವ ಉಕ್ರೇನಿಗರಿಗೆ 2017ರ ಜೂನ್ 11ರಿಂದ ಷೆಂಗೆನ್ ಪ್ರದೇಶದಲ್ಲಿ 180 ದಿನಗಳಲ್ಲಿ 90 ದಿನ ವೀಸಾ ಬೇಡ, ಆದರೆ ಅದು ದುಡಿಮೆಯ ಅನುಮತಿ ಅಲ್ಲ. ಅಲ್ಪಾವಧಿಗೆ ಬರುವ ಕಲಾವಿದರಿಗೆ ಜರ್ಮನ್ ನಿಯಮಗಳಲ್ಲಿ ರಿಯಾಯಿತಿ ಇದೆ. ನಿಮ್ಮ ಕೆಲಸ ಅದರೊಳಗೆ ಬರುತ್ತದೆಯೇ ಎಂಬುದನ್ನು ಊಹಿಸಬೇಡಿ. ಕರಾರಿನ ಕರಡು, ಆಹ್ವಾನ ಪತ್ರ, ದಿನಾಂಕ, ಗೋಡೆಯ ವಿಳಾಸ ಸೇರಿಸಿ ವಿದೇಶಿಯರ ಕಚೇರಿಗೆ ಮೂರು ತಿಂಗಳ ಮುಂಚೆ ಬರೆದು, ಉತ್ತರ ಬರಹದಲ್ಲಿ ಪಡೆಯಿರಿ. ರೆಸಿಡೆನ್ಸಿಗೆಂದು ಜರ್ಮನಿಯ ವಾಸದ ಕಾನೂನಿನ 24ನೇ ಪರಿಚ್ಛೇದದಡಿ ಸಿಗುವ ತಾತ್ಕಾಲಿಕ ರಕ್ಷಣೆಗೆ ಅರ್ಜಿ ಹಾಕಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಪೋಲೆಂಡಿನ ಸ್ಥಾನಕ್ಕೆ ಅದೇ ಮುಳುವಾಗುತ್ತದೆ.

ಪಾಸ್‌ಪೋರ್ಟಿನ ಅವಧಿ ಇಂದೇ ಕೇಳಿ, ಮುಖ್ಯವಾಗಿ ಗಂಡಸರದ್ದು. 2024ರ ಮೇ 18ರಿಂದ ಜಾರಿಗೆ ಬಂದ ಉಕ್ರೇನ್ ಕಾನೂನಿನ ಪ್ರಕಾರ ಹೊರದೇಶದಲ್ಲಿರುವ 18ರಿಂದ 60ರ ಗಂಡಸರಿಗೆ ಹೊಸ ಪಾಸ್‌ಪೋರ್ಟ್ ಬೇಕಾದರೆ ಸೇನಾ ನೋಂದಣಿಯ ದಾಖಲೆ ಸರಿ ಇರಬೇಕು. ಮುಂದೆ ಉಕ್ರೇನಿನೊಳಗಿರುವ ಪುರುಷ ಕಲಾವಿದರನ್ನು ಕರೆಯುವ ಯೋಚನೆ ಇದ್ದರೆ ಇನ್ನೊಂದು ವಿಷಯ. 2022ರ ಫೆಬ್ರವರಿ 24ರ ಸೇನಾ ಆಡಳಿತದಿಂದ ಅವರು ಗಡಿ ದಾಟುವುದಕ್ಕೆ ನಿರ್ಬಂಧವಿದೆ. 2025ರ ಆಗಸ್ಟ್ ಕೊನೆಗೆ 18ರಿಂದ 22ರವರಿಗೆ ಸಡಿಲಿಸಿದರು. ಉಳಿದವರಿಗೆ ಅಂಗವೈಕಲ್ಯ, 18ರೊಳಗಿನ ಮೂರು ಅಥವಾ ಹೆಚ್ಚು ಮಕ್ಕಳು ಮುಂತಾದ ವಿನಾಯಿತಿಗಳಷ್ಟೇ. ನಿಮ್ಮ ಆಹ್ವಾನ ಪತ್ರಕ್ಕೆ ಆ ಬಲ ಇಲ್ಲ, ಇದೆ ಎಂಬಂತೆ ಆಸೆ ಹುಟ್ಟಿಸುವುದು ತಪ್ಪು.

ಪ್ರಯಾಣ: ಉಕ್ರೇನಿನಲ್ಲಿ ನಾಗರಿಕ ವಿಮಾನ ಇಲ್ಲ. ಖಾರ್ಕಿವ್‌ನಿಂದ ಪೋಲೆಂಡ್ ಗಡಿಯ ಪ್ಶೆಮಿಶ್ಲ್‌ಗೆ ರೈಲು, ಅಲ್ಲಿಂದ ಬೇರೆ ರೈಲು. ಉಕ್ರೇನಿನ ಹಳಿಯ ಅಗಲ 1520 ಮಿ.ಮೀ., ಪೋಲೆಂಡ್-ಜರ್ಮನಿಯದು 1435, ಹಾಗಾಗಿ ಈ ದಾರಿಯಲ್ಲಿ ಗಡಿಯ ಬಳಿ ಇಳಿದು ಹತ್ತಲೇಬೇಕು. ಬಾಗಿಲಿಂದ ಬಾಗಿಲಿಗೆ ಎರಡು ದಿನ ಹಿಡಿಯಿರಿ, ಗಡಿಯ ತಪಾಸಣೆಗೆ ಗಂಟೆಗಟ್ಟಲೆ ಹೋಗಬಹುದು. ಗಡಿಯ ನಂತರದ ಟಿಕೆಟ್ ಬದಲಾಯಿಸಲು ಬರುವಂಥದ್ದೇ ಕೊಳ್ಳಿ, ನಡುವೆ ಒಂದು ರಾತ್ರಿ ಹೋಟೆಲ್ ಕೊಡಿ.

ಹಣ: ಕರಾರಿನಲ್ಲಿ ನಾಲ್ಕು ಬಾಬ್ತು ಬೇರೆ ಬೇರೆ ಬರೆಯಿರಿ. ಸಂಭಾವನೆ, ದಿನಭತ್ಯೆ, ಪ್ರಯಾಣ, ಚಿತ್ರ ಬಳಕೆಯ ಹಕ್ಕು. ಸಾಮಾಗ್ರಿ ಮತ್ತು ಲಿಫ್ಟ್ ಸಂಘವೇ ನೇರ ಕೊಳ್ಳಲಿ, ಕಲಾವಿದರ ಕೈಯಿಂದ ಹಾಕಿಸಬೇಡಿ. ಇಷ್ಟು ಬೇರ್ಪಡಿಸಲು ಕಾರಣಗಳಿವೆ. ಕಲಾವಿದರ ಸಾಮಾಜಿಕ ನಿಧಿಗೆ ಕೆಲಸ ಕೊಟ್ಟವರು ಕಟ್ಟುವ ಪಾಲು (2025ರಲ್ಲಿ ಶೇ 5, 2026ಕ್ಕೆ ಶೇ 4.9) ಹೊರದೇಶದ ಕಲಾವಿದರ ಸಂಭಾವನೆಗೂ ಅನ್ವಯಿಸುತ್ತದೆ, ಪ್ರತ್ಯೇಕವಾಗಿ ತೋರಿಸಿದ ಪ್ರಯಾಣ ವೆಚ್ಚಕ್ಕೆ ಅನ್ವಯಿಸುವುದಿಲ್ಲ. ಚಿತ್ರದ ಹಕ್ಕಿಗೆಂದು ಕೊಡುವ ಹಣಕ್ಕೆ ಮೂಲದಲ್ಲೇ ಶೇ 15 ತೆರಿಗೆ ಹಿಡಿಯುವ ನಿಯಮ ತಗಲಬಹುದು, ಗೋಡೆಗೆ ಬಣ್ಣ ಬಳಿದ ಕೆಲಸಕ್ಕೆ ಲೆಕ್ಕ ಬೇರೆ. ಸಹಿ ಹಾಕುವ ಮೊದಲು ತೆರಿಗೆ ಸಲಹೆಗಾರರ ಜೊತೆ ಒಂದು ಗಂಟೆ ಕೂತರೆ ಸಾಕು. ಖಾರ್ಕಿವ್‌ನ ಕಲಾವಿದೆ ಅಲ್ಲಿ ಸ್ವಂತ ಉದ್ಯೋಗಿಯಾಗಿ ನೋಂದಾಯಿಸಿಕೊಂಡು ಸರಳ ತೆರಿಗೆಯ ಮೂರನೇ ಗುಂಪಿನಲ್ಲಿದ್ದರೆ ಬಂದ ಹಣದ ಮೇಲೆ ಶೇ 5, ಜೊತೆಗೆ 2025ರಿಂದ ಶೇ 1 ಸೇನಾ ತೆರಿಗೆ ಕಟ್ಟುತ್ತಾರೆ. ಮಾತುಕತೆಯಲ್ಲಿ ಕೈಗೆ ಸಿಗುವ ಮೊತ್ತ ಯಾವುದು ಎಂದು ಸ್ಪಷ್ಟವಾಗಿರಲಿ. ಸಹಿಯಾದಾಗ ಶೇ 40, ತಳದ ಬಣ್ಣ ಮುಗಿದಾಗ 40, ಕೊನೆಗೆ 20. ಎಲ್ಲವನ್ನೂ ಕೊನೆಗೆ ಕೊಡುವ ಪದ್ಧತಿ ಯುದ್ಧದ ನಡುವೆ ಬದುಕುತ್ತಿರುವವರಿಗೆ ಅನ್ಯಾಯ.

ವಿಮೆ: ಪ್ರವಾಸಿ ಆರೋಗ್ಯ ವಿಮೆಯ ಸಣ್ಣಕ್ಷರಗಳಲ್ಲಿ "ದೈಹಿಕ ಕೆಲಸ", "ಎತ್ತರದ ಕೆಲಸ" ಹೊರಗಿಟ್ಟಿರುತ್ತಾರೆ. ಅವೆರಡೂ ಸೇರಿರುವ ಪಾಲಿಸಿಯನ್ನೇ ಕೊಳ್ಳಿ.

---

ಎತ್ತರದ_ಕೆಲಸ

ಲಿಫ್ಟ್ ತರಿಸಿ, ಸಾರುವೆ ಬೇಡ. ಸಾರುವೆಯನ್ನು ಗೋಡೆಗೆ ಆಧಾರ ಕೊಟ್ಟು ನಿಲ್ಲಿಸಬೇಕು. ಶಾಖ ಹೊದಿಕೆಯ ಗೋಡೆಯಲ್ಲಿ ಅದಕ್ಕಾಗಿ ಹೊದಿಕೆ ಕೊರೆದು ಒಳಗಿನ ಗೋಡೆಗೆ ಆಂಕರ್ ಹಾಕುತ್ತಾರೆ. ಬಿಚ್ಚುವಾಗ ಪ್ರತಿ ತೂತು ಮುಚ್ಚಿ, ಅದರ ಮೇಲೆ ಚಿತ್ರ ತಿದ್ದಬೇಕು, ಅಷ್ಟರಲ್ಲಿ ಮೇಲಿನ ಅಂತಸ್ತಿನ ಹಲಗೆ ಬಿಚ್ಚಿ ಆಗಿರುತ್ತದೆ, ಕೈ ಎಟುಕುವುದಿಲ್ಲ. ಜೊತೆಗೆ ಎರಡು ಮೀಟರಿಗೊಂದು ಹಲಗೆ ಅಡ್ಡ ಬಂದು, ಹಿಂದೆ ಸರಿದು ಇಡೀ ಚಿತ್ರ ನೋಡಲು ಆಗುವುದಿಲ್ಲ.

16 ಮೀಟರಿಗೆ ಮಡಚುವ ತೋಳಿನ, 20 ಮೀ ಕಾರ್ಯ ಎತ್ತರದ ಬೂಮ್ ಲಿಫ್ಟ್ ಸಾಕು. ಕ್ಯಾಟಲಾಗಿನಲ್ಲಿ ಕಾರ್ಯ ಎತ್ತರ ಅಂದರೆ ಬುಟ್ಟಿಯ ತಳಕ್ಕೆ 2 ಮೀ ಸೇರಿಸಿದ ಅಂಕ, ಅದನ್ನು ಮರೆತು ಬಾಡಿಗೆಗೆ ತಂದರೆ ಮೇಲಿನ ಅಂಚು ಸಿಗುವುದಿಲ್ಲ. ವಸತಿ ಬೀದಿಯಾದ್ದರಿಂದ ಬ್ಯಾಟರಿ ಅಥವಾ ಹೈಬ್ರಿಡ್ ಕೇಳಿ, ರಾತ್ರಿ ಚಾರ್ಜ್‌ಗೆ 230 ವೋಲ್ಟಿನ ಪ್ಲಗ್ ಕಟ್ಟಡದಿಂದ ಕೊಡಿಸಿ. ಹುಲ್ಲುಹಾಸಿನ ಮೇಲೆ ಚಕ್ರ ಹೂಳದಂತೆ ನೆಲಕ್ಕೆ ಹಾಸುವ ಪ್ಲೇಟ್‌ಗಳನ್ನು ಲಿಫ್ಟ್ ಜೊತೆಗೇ ಬುಕ್ ಮಾಡಿ. ಹುಲ್ಲಿನಡಿ ಕೊಳವೆ, ಟ್ಯಾಂಕ್, ನೆಲಮಾಳಿಗೆ ಏನಿದೆ ಎಂದು ಮಾಲೀಕರಿಂದ ನಕ್ಷೆ ಪಡೆಯಿರಿ. ಯಂತ್ರವೇ 8-10 ಟನ್ ತೂಗುತ್ತದೆ, ತೋಳು ಚಾಚಿದಾಗ ಒಂದೇ ಚಕ್ರದ ಮೇಲೆ ಅದರ ದೊಡ್ಡ ಪಾಲು ಬೀಳುತ್ತದೆ.

ಕೀವ್‌ನ ಎತ್ತರದ ಕಟ್ಟಡಗಳಲ್ಲಿ ಮ್ಯೂರಲ್‌ಗಳನ್ನು ಮೇಲಿನಿಂದ ಇಳಿಬಿಟ್ಟ ತೊಟ್ಟಿಲಿನಲ್ಲಿ ನಿಂತು ಬಿಡಿಸುವುದು ಸಾಮಾನ್ಯ. ಅದನ್ನು ಅವರು ಲ್ಯೂಲ್ಕಾ ಅನ್ನುತ್ತಾರೆ. ತೊಟ್ಟಿಲಿನಲ್ಲಿ ಹತ್ತು ವರ್ಷ ಪಳಗಿದ ಕೈಗೂ ಬೂಮ್ ಲಿಫ್ಟ್ ಹೊಸದಾಗಿರಬಹುದು. ತೊಟ್ಟಿಲು ಮೇಲೆ-ಕೆಳಗೆ ಮಾತ್ರ ಹೋಗುತ್ತದೆ, ಬೂಮ್ ಎಲ್ಲ ದಿಕ್ಕಿಗೂ ತೂಗುತ್ತದೆ. ಜರ್ಮನಿಯಲ್ಲಿ ಚಲಾಯಿಸುವವರಿಗೆ 18 ವರ್ಷ ತುಂಬಿರಬೇಕು, ತರಬೇತಿಯ ಪುರಾವೆ ಇರಬೇಕು, ನೀವು ಬರಹದಲ್ಲಿ ನೇಮಿಸಿರಬೇಕು. ಐಪಾಫ್ ಕಾರ್ಡ್ (ಲಿಫ್ಟ್ ಚಲಾಯಿಸುವ ತರಬೇತಿಯ ಅಂತರರಾಷ್ಟ್ರೀಯ ಗುರುತು) ಇದ್ದರೆ ಬೂಮ್‌ನ 3ಬಿ ವಿಭಾಗ ಇದೆಯೇ ನೋಡಿ, ಅದು 5 ವರ್ಷ ಬಾಳುತ್ತದೆ. 3ಎ ಕಾರ್ಡ್ ನೇರ ಮೇಲೇರುವ ಸಿಸರ್ ಲಿಫ್ಟಿನದು, ಬೂಮ್‌ಗೆ ಸಲ್ಲುವುದಿಲ್ಲ. ಇಲ್ಲದಿದ್ದರೆ ಬಂದ ವಾರವೇ ಒಂದು ದಿನದ ತರಬೇತಿ, ಉಕ್ರೇನಿಯನ್ ದುಭಾಷಿ ಜೊತೆಗಿಟ್ಟು.

ಬುಟ್ಟಿಯ ಮಿತಿ ಸಾಮಾನ್ಯವಾಗಿ 230 ಕೆ.ಜಿ. ಇಬ್ಬರು, ಬೆಲ್ಟ್, ಎರಡು ಬಕೆಟ್, 20 ಕ್ಯಾನ್ ಸೇರಿದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಅದೇ ಗೋಡೆಯ ಬುಡದಲ್ಲಿ ಕೆಲಸ ಮಾಡುವಂತಿಲ್ಲ, 11 ಮೀ ಅಗಲದಲ್ಲಿ ಸುರಕ್ಷಿತ ಅಂತರ ಸಿಗುವುದಿಲ್ಲ. ಆದ್ದರಿಂದ ಇಬ್ಬರೂ ಒಂದೇ ಬುಟ್ಟಿಯಲ್ಲಿ, ಇಲ್ಲವೇ ಪಾಳಿ. ಇದನ್ನು ಕಲಾವಿದರ ಜೊತೆ ಮುಂಚೆಯೇ ಮಾತಾಡಿ, ಸ್ಕೆಚ್ಚೇ ಅದರ ಮೇಲೆ ನಿಂತಿರುತ್ತದೆ. ನೆಲದಲ್ಲಿ ಯಾವಾಗಲೂ ಒಬ್ಬರು ಇರಬೇಕು, ತುರ್ತಾಗಿ ಬುಟ್ಟಿ ಇಳಿಸುವ ಹಿಡಿಕೆ ಎಲ್ಲಿದೆ ಎಂದು ಅವರಿಗೆ ಗೊತ್ತಿರಬೇಕು, ಕೈಯಾರೆ ಒಮ್ಮೆ ಇಳಿಸಿ ನೋಡಿರಬೇಕು.

ಗಾಳಿ: ಯಂತ್ರದ ಮಿತಿ ಸೆಕೆಂಡಿಗೆ 12.5 ಮೀಟರ್. ಸ್ಪ್ರೇ ಅದಕ್ಕೂ ಬಹಳ ಮುಂಚೆ, 5-6 ಮೀಟರಿಗೇ ಕೆಡುತ್ತದೆ. ಆಗ ಬ್ರಷ್‌ಗೆ ಬದಲಿಸಿ, ಇಲ್ಲದಿದ್ದರೆ ಬಣ್ಣದ ಮಂಜು ಹಾರಿ ಪಕ್ಕದ ಕಾರುಗಳ ಮೇಲೆ ಕೂರುತ್ತದೆ. ಪಾರ್ಕಿಂಗ್ ನಿಷೇಧದ ಫಲಕ ಕನಿಷ್ಠ 3 ಪೂರ್ಣ ದಿನ ಮುಂಚೆ ನೆಟ್ಟಿರಬೇಕು. 2018ರಲ್ಲಿ ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಹೇಳಿದ್ದು ಅದೇ, ಅದಕ್ಕಿಂತ ಕಡಿಮೆ ಇದ್ದರೆ ಕಾರು ಎಳೆಸಿದ ಖರ್ಚು ಮಾಲೀಕರ ಮೇಲೆ ಹಾಕಲಾಗದು. ಪಾದಚಾರಿ ದಾರಿ ಬಳಸುವ ಅನುಮತಿಗೆ ಬೇರೆ ಅರ್ಜಿ, ಆರೆಂಟು ವಾರ ಮುಂಚೆ ಹಾಕಿ.

28 ದಿನ ಸಾಕು, ಗೋಡೆ ಸಿದ್ಧವಿದ್ದರೆ. ಮೊದಲ 3 ದಿನ ವಿಶ್ರಾಂತಿ ಮತ್ತು ಗೋಡೆ ನೋಡುವುದು. 4ನೇ ದಿನ ತರಬೇತಿ. 5-6 ಚಿತ್ರ ಗೋಡೆಗೆ ಇಳಿಸುವುದು. ವಿವರ ತುಂಬಿದ ಮನುಷ್ಯಾಕೃತಿಯಾದರೆ ಇಬ್ಬರು ಸೇರಿ ದಿನಕ್ಕೆ 12ರಿಂದ 15 ಚ.ಮೀ. ಮುಗಿಸುತ್ತಾರೆ, ಹಾಗಾಗಿ 12-15 ಕೆಲಸದ ದಿನ. ಭಾನುವಾರ ಸದ್ದು ಮಾಡುವ ಕೆಲಸ ಇಲ್ಲ, ಮಳೆಗೆ ವಾರಕ್ಕೆ ಎರಡು ದಿನ ತೆಗೆದಿಡಿ. ಲಿಫ್ಟನ್ನು 4ನೇ ದಿನದಿಂದ ಬಾಡಿಗೆಗೆ ಹಿಡಿಯಿರಿ. ಬಂದ ದಿನದಿಂದಲೇ ಮೀಟರ್ ಓಡುತ್ತಿದ್ದರೆ ದಣಿದು ಬಂದವರನ್ನು ನೀವೇ ಬುಟ್ಟಿಗೆ ಹತ್ತಿಸುತ್ತೀರಿ, ಅಪಘಾತ ಆಗುವುದೇ ಆಗ.

ಚಿತ್ರ ಇಳಿಸಲು ಪ್ರೊಜೆಕ್ಟರ್ ಇಲ್ಲಿ ಕಷ್ಟ. ಎದುರಿಗೆ ಬೀದಿದೀಪ, ರಾತ್ರಿ 10ರ ಮೇಲೆ ನಿಶ್ಶಬ್ದದ ನಿಯಮ. ಗೋಡೆ ತುಂಬ ಅಡ್ಡಾದಿಡ್ಡಿ ಗುರುತು, ಅಕ್ಷರ, ಅಂಕೆ ಗೀಚಿ, ಎದುರಿನಿಂದ ನೇರ ಫೋಟೋ ತೆಗೆದು, ಟ್ಯಾಬ್ಲೆಟ್‌ನಲ್ಲಿ ಅದರ ಮೇಲೆ ಸ್ಕೆಚ್ ಹೊಂದಿಸುವುದು ಸುಲಭದ ದಾರಿ. ಎರಡು ಗುರುತು ಒಂದೇ ತರಹ ಇರಬಾರದು. ಗುರುತುಗಳನ್ನು ತೆಳು ಬೂದು ಬಣ್ಣದಲ್ಲಿ ಹಾಕಿಸಿ, ಕಪ್ಪು ಸ್ಪ್ರೇಯಲ್ಲಿ ಗೀಚಿದರೆ ತಿಳಿ ಬಣ್ಣದಡಿಯಿಂದ ಇಣುಕುತ್ತದೆ.

---

ಎಲ್ಸ್ಟರ್_ದಡ

ಎಲ್ಲರಿಗೂ ತುಂಬ ಧನ್ಯವಾದ. 28 ದಿನಕ್ಕೆ ಇಳಿಸುತ್ತೇವೆ, ಗೋಡೆ ಪರೀಕ್ಷೆಗೆ ಜೂನ್ ಮೊದಲ ವಾರ ಗುರುತು ಹಾಕಿದ್ದೇವೆ.

ಇನ್ನೊಂದು ವಿಷಯ. ವಸತಿ ಸಹಕಾರ ಸಂಘದವರು ಶಾಂತಿಯ ವಿಷಯ ಬೇಕು, ಸೂರ್ಯಕಾಂತಿ ಮತ್ತು ಪಾರಿವಾಳ ಇದ್ದರೆ ಚೆನ್ನ ಅನ್ನುತ್ತಿದ್ದಾರೆ. ಮೂರು ಸ್ಕೆಚ್ ತರಿಸಿ ನಿವಾಸಿಗಳಿಂದ ಮತ ಹಾಕಿಸುವ ಆಲೋಚನೆಯೂ ಇದೆ. ಇದು ಸರಿಯೇ? ಇಬ್ಬರಿಗೂ ಒಂದೇ ಫ್ಲಾಟ್ ಕೊಟ್ಟರೆ ನಡೆಯುತ್ತದೆಯೇ?

---

ವಿಸ್ಲಾ_ಕನ್ನಡಿಗ

ವಿಷಯ ಹೇಳಿಕೊಡುವುದು, ಮತದಾನ ಎರಡೂ ಬೇಡ ಅನ್ನುತ್ತೇನೆ.

ಉಕ್ರೇನಿನ ಗೋಡೆ ಚಿತ್ರಕಲೆಗೆ ನೂರು ವರ್ಷದ ಇತಿಹಾಸವಿದೆ, ಅದರ ಬಹುಪಾಲು ಅಳಿಸಿಹೋದ ಇತಿಹಾಸ. ಮಿಖೈಲೊ ಬೊಯ್ಚುಕ್ ಬೈಜಾಂಟೈನ್ ಮತ್ತು ಜಾನಪದ ಶೈಲಿ ಬೆರೆಸಿ ಒಂದು ಪಂಥವನ್ನೇ ಕಟ್ಟಿದರು. 1937ರಲ್ಲಿ ಸೋವಿಯತ್ ಆಡಳಿತ ಅವರನ್ನು ಗುಂಡಿಕ್ಕಿ ಕೊಂದಿತು, ಅವರ ಗುಂಪಿನ ಭಿತ್ತಿಚಿತ್ರಗಳಲ್ಲಿ ಹೆಚ್ಚಿನವನ್ನು ನಾಶ ಮಾಡಿತು. 1967ರಲ್ಲಿ ಕಲಾವಿದೆ ಆಲ್ಲಾ ಹೊರ್ಸ್ಕಾ ಸಂಗಡಿಗರೊಂದಿಗೆ ಮರಿಯುಪೋಲ್‌ನಲ್ಲಿ ಮಾಡಿದ ಮೊಸಾಯಿಕ್‌ಗಳಿಗೆ 2022ರ ದಾಳಿಯಲ್ಲಿ ಹಾನಿಯಾಯಿತು. ಅದೇ ಊರಲ್ಲಿ ಸಾಷಾ ಕೊರ್ಬಾನ್ 2018ರಲ್ಲಿ ಬಿಡಿಸಿದ "ಮಿಲಾನಾ", 2015ರ ಶೆಲ್ ದಾಳಿಯಲ್ಲಿ ತಾಯಿಯನ್ನೂ ತನ್ನ ಕಾಲನ್ನೂ ಕಳೆದುಕೊಂಡ ಪುಟ್ಟ ಹುಡುಗಿಯ ಚಿತ್ರ. 2022ರಲ್ಲಿ ಊರು ರಷ್ಯದ ವಶವಾದ ಮೇಲೆ ಅದೇ ವರ್ಷ ಅದಕ್ಕೆ ಬಣ್ಣ ಬಳಿದು ಮುಚ್ಚಿದರು. ಇಂಥ ಪರಂಪರೆಯಿಂದ ಬರುವವರ ಕೈಗೆ ಸೂರ್ಯಕಾಂತಿ-ಪಾರಿವಾಳದ ಪಟ್ಟಿ ಕೊಡುವುದು ಚೆನ್ನಾಗಿ ಕಾಣುವುದಿಲ್ಲ. ಕೀವ್, ಖಾರ್ಕಿವ್, ಲ್ವಿವ್ ಅಕಾಡೆಮಿಗಳಲ್ಲಿ ಭಿತ್ತಿಚಿತ್ರವನ್ನೇ ವಿಭಾಗವಾಗಿ ಕಲಿಸುತ್ತಾರೆ. ಅಲ್ಲಿ ಓದಿದವರಿಗೆ ಫ್ರೆಸ್ಕೊ, ಮೊಸಾಯಿಕ್, ಅಳತೆಯ ಶಾಸ್ತ್ರ ಎಲ್ಲ ಗೊತ್ತು.

ಯುದ್ಧದ ಬಗ್ಗೆಯೇ ಬಿಡಿಸಬೇಕೆಂದು ಕೇಳುವುದೂ ಅಷ್ಟೇ ತಪ್ಪು, ಬಿಡಿಸಬಾರದೆಂದು ಷರತ್ತು ಹಾಕುವುದೂ ತಪ್ಪು. ಕೀವ್‌ನ ಗೋಡೆಚಿತ್ರ ಕಲಾವಿದರ ಜೋಡಿ ಇಂಟರೆಸ್ನಿ ಕಾಜ್ಕಿ ಲೋಕಕ್ಕೆಲ್ಲ ಪರಿಚಯವಾದದ್ದು ವಿಚಿತ್ರ ಕನಸಿನ ಲೋಕಗಳಿಂದ. ಖಾರ್ಕಿವ್‌ನ ಕಲಾವಿದೆಗೆ ನಾಲ್ಕು ವಾರ ಬೇರೆ ಏನನ್ನಾದರೂ ಯೋಚಿಸುವ ಆಸೆ ಇರಬಹುದು. "ಶಾಂತಿ" ಎಂಬ ಮಾತನ್ನೂ ನೋಡಿ ಬಳಸಿ. ನ್ಯಾಯದ ಮಾತಿಲ್ಲದ ಶಾಂತಿಯ ಕರೆ ಅವರ ಕಿವಿಗೆ ಸೋಲೊಪ್ಪಿಕೊಳ್ಳಿ ಅಂದಂತೆ ಕೇಳಿಸಬಹುದು.

ಮತದಾನದ ಬದಲು ಹೀಗೆ ಮಾಡಿ. ಜುಲೈನಲ್ಲಿ ಕಲಾವಿದರು ಮತ್ತು ನಿವಾಸಿಗಳ ಒಂದೂವರೆ ಗಂಟೆಯ ವಿಡಿಯೊ ಮಾತುಕತೆ, ಸ್ಕೆಚ್‌ಗೆ ಮುಂಚೆಯೇ. ಬೀದಿಯ ಕಥೆ, ಮರಗಳು, ಮೊದಲು ಅಲ್ಲಿ ಏನಿತ್ತು ಎಂಬುದನ್ನೆಲ್ಲ ಜನ ಹೇಳಲಿ. ಆಮೇಲೆ ಒಂದೇ ಸ್ಕೆಚ್, ಒಂದೇ ಸುತ್ತು ತಿದ್ದುಪಡಿ. ಇದು ಕರಾರಿನಲ್ಲಿರಲಿ. ಮೂರು ಸ್ಕೆಚ್ ಬೇಕೇಬೇಕು ಅಂದರೆ ಮೂರಕ್ಕೂ ಹಣ ಕೊಡಿ.

ಮನೆ: ಇಬ್ಬರಿಗೂ ಬೇರೆ ಬೇರೆ ಕೋಣೆ, ಸಾಧ್ಯವಾದರೆ ಬೇರೆ ಫ್ಲಾಟ್. ಉಕ್ರೇನಿಗರು ಅನೇಕರು ಹೊರದೇಶದಲ್ಲಿದ್ದರೂ ಮನೆಯವರಿರುವ ಊರಿನ ವಾಯುದಾಳಿ ಎಚ್ಚರಿಕೆಯನ್ನು ಫೋನಿನಲ್ಲಿ ಚಾಲೂ ಇಟ್ಟಿರುತ್ತಾರೆ. ರಾತ್ರಿ 2ಕ್ಕೆ ಅದು ಕೂಗಿದರೆ ಮತ್ತೆ ನಿದ್ದೆ ಇಲ್ಲ. ಮರುದಿನ ಬೆಳಿಗ್ಗೆ 8ಕ್ಕೆ ಬುಟ್ಟಿ ಹತ್ತಿಸಬೇಡಿ. ನಿದ್ದೆ ಆಗದ ದಿನ ಲಿಫ್ಟ್ ಇಲ್ಲ ಎಂದು ಮೊದಲೇ ಒಪ್ಪಂದವಾಗಿರಲಿ, ಕಾರಣ ಕೇಳದೆ.

ಒಂದು ದಿನಾಂಕ ಈಗಲೇ ಬರೆದುಕೊಳ್ಳಿ: ಜರ್ಮನಿಯಲ್ಲಿ ಪ್ರತಿ ಸೆಪ್ಟೆಂಬರ್‌ನ ಎರಡನೇ ಗುರುವಾರ ಬೆಳಿಗ್ಗೆ 11ಕ್ಕೆ ದೇಶದಾದ್ಯಂತ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ. ಸೈರನ್ ಕೂಗುತ್ತವೆ, ಎಲ್ಲ ಫೋನುಗಳೂ ಒಟ್ಟಿಗೆ ಕಿರುಚುತ್ತವೆ. ಅದು ನಿಮ್ಮ 28 ದಿನದ ಒಳಗೇ ಬೀಳಬಹುದು. ಹಿಂದಿನ ದಿನ ಹೇಳಿ, ಆ ದಿನ ಬೆಳಿಗ್ಗೆ ಮತ್ತೆ ಹೇಳಿ, 10:30ರಿಂದ 12ರವರೆಗೆ ಬುಟ್ಟಿ ನೆಲದಲ್ಲಿರಲಿ.

ಭಾಷೆ: ಉಕ್ರೇನಿಯನ್ನೋ, ಇಂಗ್ಲಿಷೋ, ರಷ್ಯನ್ನೋ ಎಂದು ಅವರನ್ನೇ ಕೇಳಿ. ರಷ್ಯನ್ ಎಲ್ಲರಿಗೂ ಬರುತ್ತದೆ ಎಂದುಕೊಂಡು ದುಭಾಷಿ ಇಡಬೇಡಿ. ಅದೇ ಸಮಯದಲ್ಲಿ ರಷ್ಯದ ಕಲಾವಿದರೂ ರೆಸಿಡೆನ್ಸಿಯಲ್ಲಿ ಇರುವುದಾದರೆ ಆಹ್ವಾನ ಪತ್ರದಲ್ಲೇ ತಿಳಿಸಬೇಕು. ಬಂದಮೇಲೆ ಗೊತ್ತಾಗುವಂತೆ ಮಾಡಿದರೆ ಅವರು ಹೊರಟುಹೋದಾರು, ತಪ್ಪು ಅವರದಲ್ಲ.

---

ಕಾಗದಪತ್ರ_ಬರ್ಲಿನ್

ಗೋಡೆಯ ಆಯುಷ್ಯದ ಬಗ್ಗೆ ಒಂದು ಸೇರಿಸುತ್ತೇನೆ, ವಿಸ್ಲಾ ಅವರು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಜರ್ಮನಿಯಲ್ಲಿ ಮಾಲೀಕರು ಕಲಾಕೃತಿಯನ್ನು ನಾಶ ಮಾಡುವ ಮುಂಚೆ ಕಲಾವಿದರ ಹಿತವನ್ನೂ ತೂಗಿ ನೋಡಬೇಕು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2019ರ ಫೆಬ್ರವರಿಯಲ್ಲಿ ಮಾನ್‌ಹೈಮ್ ಮ್ಯೂಸಿಯಂ ಒಂದರ ಪ್ರಕರಣದಲ್ಲಿ ಹೇಳಿತು. ಆದರೆ ತೂಗಿದಾಗ ಕಟ್ಟಡದ ಮಾಲೀಕರ ಕಡೆಗೇ ತಕ್ಕಡಿ ವಾಲುವುದು ಹೆಚ್ಚು. ಹಾಗಾಗಿ ಕರಾರಿನಲ್ಲೇ ಬರೆಸಿ: ಕನಿಷ್ಠ 7 ವರ್ಷ ಉಳಿಸುವುದು, ತೆಗೆಯುವುದಾದರೆ 60 ದಿನ ಮುಂಚೆ ಕಲಾವಿದರಿಗೆ ತಿಳಿಸಿ ದಾಖಲಿಸಲು ಅವಕಾಶ ಕೊಡುವುದು.

ಫೋಟೋ: ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಚಿತ್ರದ ಫೋಟೋವನ್ನು ರಸ್ತೆಯಿಂದ ಯಾರು ಬೇಕಾದರೂ ತೆಗೆಯಬಹುದು. ಡ್ರೋನ್‌ನಿಂದ ತೆಗೆದದ್ದಕ್ಕೆ ಆ ಸ್ವಾತಂತ್ರ್ಯ ಇಲ್ಲ ಎಂದು ಅದೇ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಪ್ರಾಯೋಜಕರಿಗೆ ಮೊದಲು ಬೇಕಾಗುವುದೇ ಡ್ರೋನ್ ವಿಡಿಯೊ. ಕಲಾವಿದರ ಒಪ್ಪಿಗೆ, ಎಲ್ಲೆಲ್ಲಿ ಬಳಕೆ, ಎಷ್ಟು ವರ್ಷ ಎಂದು ಬರಹದಲ್ಲಿ ಪಡೆಯಿರಿ. ಕಲಾವಿದರ ಮುಖ ಮತ್ತು ಹೆಸರು ಹಾಕುವ ಬಗ್ಗೆ ಬೇರೆಯೇ ಒಪ್ಪಿಗೆ ಬೇಕು, ಆಕ್ರಮಿತ ಪ್ರದೇಶದಲ್ಲಿ ನೆಂಟರಿರುವವರು ಬೇಡ ಅನ್ನಬಹುದು.

---

ಸುಣ್ಣಬಣ್ಣ

ಕೊನೆಯ ಎರಡು ದಿನಕ್ಕೆ: ಇಡೀ ಚಿತ್ರಕ್ಕೆ ವಾರ್ನಿಷ್ ಹೊಡೆಸಬೇಡಿ, ಈ ಗೋಡೆ ಉಸಿರಾಡಬೇಕು. ಕೆಳಗಿನ 3 ಮೀಟರಿಗೆ ಮಾತ್ರ ಮೇಣದ ಜಾತಿಯ, ಆವಿ ಬಿಡುವ ಗೀಚು-ನಿರೋಧಕ ಲೇಪ ಸಾಕು. ಯಾರಾದರೂ ಗೀಚಿದರೆ ಬಿಸಿನೀರಿನಲ್ಲಿ ಲೇಪದ ಸಮೇತ ತೊಳೆದು ಮತ್ತೆ ಹಚ್ಚಬೇಕು, ಅದರ ಖರ್ಚು ಯಾರದು ಎಂದು ಸಹಕಾರ ಸಂಘದವರೊಂದಿಗೆ ಈಗಲೇ ಮಾತಾಡಿಕೊಳ್ಳಿ.

ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಗಾಳಿಯಾಡದ ಡಬ್ಬಿಗೆ ತುಂಬಿ, ಮೇಲೆ ಬಣ್ಣದ ಸಂಖ್ಯೆ, ಬ್ಯಾಚ್, ಚಿತ್ರದ ಯಾವ ಭಾಗ ಎಂದು ಬರೆದು ಕಟ್ಟಡದ ನೆಲಮಾಳಿಗೆಯಲ್ಲಿ ಇಡಿಸಿ, ಹಿಮಗಟ್ಟದ ಜಾಗದಲ್ಲಿ. ಉಳಿದ ಸ್ಪ್ರೇ ಕ್ಯಾನ್‌ಗಳನ್ನು ಕಲಾವಿದರ ಕೈಗೆ ಕೊಟ್ಟು ಕಳಿಸಬೇಡಿ. ಪೂರ್ತಿ ಖಾಲಿಯಾಗದ ಕ್ಯಾನ್‌ಗಳು ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಹೋಗಬೇಕು. ಅಷ್ಟು ಕ್ಯಾನ್ ಒಟ್ಟಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ಮುಂಚೆ ಫೋನ್ ಮಾಡಿ, ಮನೆಯ ಪ್ರಮಾಣಕ್ಕಿಂತ ಹೆಚ್ಚಾದರೆ ಹಣ ಕೇಳುತ್ತಾರೆ.